ಕಡಿದಾದ ಏರುದಾರಿ



ಚಾಮರಾಜನಗರದ ಸಮೀಪದ ಹರದನಹಳ್ಳಿಯಲ್ಲಿ ನಿಂತು ಪೂರ್ವಕ್ಕೆ ಕಣ್ಣು ಹಾಯಿಸಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಗುಂಡ್ಲುಪೇಟೆಯ ಕಡೆ ಹೋದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಅದರ ಎತ್ತರ 1,454 ಮೀಟರ್. ಅಂತಹ ಆರು ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿದರೂ ಎವರೆಸ್ಟಿನ ನೆತ್ತಿಯನ್ನು ಮುಟ್ಟಲಾಗದು. 8,848 ಮೀಟರಿಗಿಂತಲೂ ತುಸು ಹೆಚ್ಚು ಎತ್ತರವಿರುವ ಆ ಶಿಖರದಲ್ಲಿ, ನಾವು ಇಲ್ಲಿ ಉಸಿರಾಡುವ ಆಮ್ಲಜನಕದ ಮೂರನೆಯ ಒಂದು ಪಾಲು ಮಾತ್ರ ಸಿಗುತ್ತದೆ. 8,000 ಮೀಟರಿನಿಂದ ಮೇಲಿನ ಭಾಗವನ್ನು ಪರ್ವತಾರೋಹಿಗಳು ಸಾವಿನ ವಲಯವೆಂದೇ ಕರೆಯುತ್ತಾರೆ.

1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಅಲ್ಲಿ ಕಾಲಿಟ್ಟಾಗ ಅದೊಂದು ಅದ್ಭುತವಾಗಿತ್ತು. ಇಂದು ಹಣ ಕೊಟ್ಟು, ತಂಡ ಸೇರಿ, ಮಾರ್ಗದರ್ಶಕರ ಹಿಂದೆ ನಡೆದು ಆ ಶಿಖರ ಏರುವವರು ಅನೇಕರು. ಹಗ್ಗ ಕಟ್ಟುವವರು, ಹೊರೆ ಹೊರುವವರು, ಆಮ್ಲಜನಕದ ಸಿಲಿಂಡರ್ ಸಾಗಿಸುವವರು ಬಹುಪಾಲು ಶೆರ್ಪಾಗಳು. ಶಿಖರದ ಮೇಲೆ ನಿಂತವನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಅವನನ್ನು ಅಲ್ಲಿಗೆ ತಲುಪಿಸಿದವರ ಹೆಸರು ಎಷ್ಟು ಜನರಿಗೆ ಗೊತ್ತಿರುತ್ತದೆ?

ಸಹೋದರರೇ, ಒಂದೇ ವರ್ಷ, ಒಂದೇ ತಿಂಗಳು, ಆ ಪರ್ವತದ ಒಂದೇ ಮಗ್ಗುಲಲ್ಲಿ ನಡೆದ ಎರಡು ಘಟನೆಗಳನ್ನು ಗಮನಿಸಿರಿ. 2006ರ ಮೇ ಮಧ್ಯಭಾಗದಲ್ಲಿ ಡೇವಿಡ್ ಶಾರ್ಪ್ ಎಂಬ ಬ್ರಿಟಿಷ್ ಆರೋಹಿ ದಾರಿಯ ಬದಿಯ ಬಂಡೆಯ ಕೆಳಗೆ ಕುಸಿದು ಕುಳಿತಿದ್ದರು. ಶಿಖರಕ್ಕೆ ಹೋಗುವವರು, ಬರುವವರು ಹತ್ತಾರು ಮಂದಿ ಆ ದಾರಿಯಾಗಿ ಸಾಗಿದರು. ಕೆಲವರು ಅವರನ್ನು ಗಮನಿಸಲಿಲ್ಲ. ಕೆಲವರು ನೆರವಾಗಲು ಯತ್ನಿಸಿದರೂ ಅದು ಸಾಕಾಗಲಿಲ್ಲ. ಉಳಿದವರು ಮುಂದೆ ನಡೆದರು. ಆ ಮನುಷ್ಯ ಅಲ್ಲಿಯೇ ಅಸುನೀಗಿದರು. ಈ ಸುದ್ದಿ ಕೇಳಿ ವೃದ್ಧರಾಗಿದ್ದ ಹಿಲರಿಯವರೇ ಬಹಿರಂಗವಾಗಿ ನೋವು, ಕೋಪ ವ್ಯಕ್ತಪಡಿಸಿದರು.

ಅದೇ ತಿಂಗಳ 26ರ ಮುಂಜಾನೆ ಡ್ಯಾನ್ ಮಜೂರ್ ಎಂಬ ಮಾರ್ಗದರ್ಶಕನ ಪುಟ್ಟ ತಂಡ ಅದೇ ದಾರಿಯಲ್ಲಿ ಏರುತ್ತಿತ್ತು. ಶಿಖರ ಇನ್ನು ಕೆಲವೇ ತಾಸಿನ ದಾರಿ. ಆಗ ಕಡಿದಾದ ಅಂಚಿನಲ್ಲಿ ಒಬ್ಬ ಮನುಷ್ಯ ಕುಳಿತಿರುವುದು ಕಾಣಿಸಿತು. ಆತ ಆಸ್ಟ್ರೇಲಿಯಾದ ಲಿಂಕನ್ ಹಾಲ್. ಹಿಂದಿನ ದಿನವೇ ಆತ ತೀರಿಕೊಂಡರೆಂದು ಮನೆಯವರಿಗೆ ಸುದ್ದಿ ಹೋಗಿತ್ತು. ಮಜೂರ್ ತಂಡದವರು ಆತನಿಗೆ ಆಮ್ಲಜನಕ ಕೊಟ್ಟರು, ಕುಡಿಸಿದರು, ಕೆಳಗಿನ ಶಿಬಿರಕ್ಕೆ ಸುದ್ದಿ ಮುಟ್ಟಿಸಿ, ನೆರವು ಬರುವ ತನಕ ಜೊತೆಗೇ ಕುಳಿತರು. ಅಷ್ಟರಲ್ಲಿ ಶಿಖರ ಏರುವ ಅವಕಾಶ ಕೈತಪ್ಪಿತ್ತು. ಅವರು ಶಿಖರವನ್ನು ಕಾಣದೆ ಇಳಿದರು. ಹಾಲ್ ಮನೆಗೆ ಮರಳಿ 2012ರವರೆಗೆ ಬದುಕಿದ್ದರು.

ಹೇಳಿರಿ, ಆ ದಿನ ಅತಿ ಎತ್ತರಕ್ಕೆ ಏರಿದವರು ಯಾರು?

ಪವಿತ್ರ ಕುರ್‌ಆನಿನ ಅಲ್ ಬಲದ್ ಅಧ್ಯಾಯದಲ್ಲಿ ಮನುಷ್ಯನು ಏರಲು ಹಿಂಜರಿಯುವ ಒಂದು ಕಡಿದಾದ ದಾರಿಯ ಪ್ರಸ್ತಾಪವಿದೆ. ಆ ದಾರಿ ಯಾವುದೆಂದು ನಿನಗೇನು ಗೊತ್ತು ಎಂದು ಕೇಳಿ, ಅಲ್ಲಾಹನೇ ಅದನ್ನು ವಿವರಿಸುತ್ತಾನೆ. ಅದು ಹಿಮದ ದಾರಿಯಲ್ಲ. ದಾಸ್ಯದಲ್ಲಿರುವವನ ಕೊರಳು ಬಿಡಿಸುವುದು, ಹಸಿವಿನ ದಿನದಲ್ಲಿ ಬಂಧುವಾದ ಅನಾಥನಿಗೂ ಮಣ್ಣಿನ ಮೇಲೆ ಬಿದ್ದಿರುವ ದರಿದ್ರನಿಗೂ ಉಣಿಸುವುದು; ಅದರೊಂದಿಗೆ ಸತ್ಯವಿಶ್ವಾಸವಿರಿಸಿ, ಸಹನೆಯನ್ನೂ ಕರುಣೆಯನ್ನೂ ಪರಸ್ಪರ ಬೋಧಿಸುವುದು. ಹೀಗೆ ಏರಿದವರೇ ಬಲಭಾಗದವರು ಎಂದು ಆ ಅಧ್ಯಾಯ ಸಾರುತ್ತದೆ. ಕಾಲಿಗೆ ಕಷ್ಟವಾಗುವ ಏರು ಬೇರೆ, ಮನಸ್ಸಿಗೆ ಕಷ್ಟವಾಗುವ ಏರು ಬೇರೆ. ಈ ಎರಡನೆಯದಕ್ಕೆ ಹಿಮಾಲಯಕ್ಕೆ ಹೋಗಬೇಕಿಲ್ಲ. ಅದು ನಮ್ಮ ಮನೆಯ ಹೊಸ್ತಿಲಿನಿಂದಲೇ ಆರಂಭವಾಗುತ್ತದೆ.

ತಂಡ ಕಟ್ಟಿ ನಡೆಯುವವರಿಗೆ ನಮ್ಮ ಪ್ರವಾದಿವರ್ಯರು(ಸ) ಕಲಿಸಿದ ಶಿಷ್ಟಾಚಾರವನ್ನು ನೆನೆಯಿರಿ. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಳ್ಳಬೇಕೆಂದು ಅವರು ಕಲಿಸಿದರು. ಆದರೆ ಆ ನಾಯಕನು ಎಲ್ಲಿರಬೇಕು? ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ತಂಡದ ಹಿಂದೆ ಉಳಿಯುತ್ತಿದ್ದರು. ದುರ್ಬಲರನ್ನು ಮುಂದೆ ಸಾಗಿಸುತ್ತಿದ್ದರು, ನಡೆಯಲಾರದವರನ್ನು ತಮ್ಮ ಸವಾರಿಯ ಮೇಲೆ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ಪ್ರಾರ್ಥಿಸುತ್ತಿದ್ದರು ಎಂದು ಜಾಬಿರ್(ರ) ವರದಿ ಮಾಡಿದ್ದಾರೆ. ನಮಾಝಿಗೆ ನೇತೃತ್ವ ನೀಡುವವನಿಗೂ ಅವರು ಹೇಳಿದ್ದು, ಸಾಲಿನಲ್ಲಿರುವ ಅತ್ಯಂತ ದುರ್ಬಲನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೇ.

ಶಿಸ್ತಿನ ಪಾಠವೂ ಒಂದಿದೆ. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಾರ್ಗದರ್ಶಕರ ನೇತೃತ್ವದ ತಂಡಗಳು ಹಿಂದಿರುಗಬೇಕಾದ ಹೊತ್ತು ಮೀರಿಯೂ ಶಿಖರದತ್ತ ಸಾಗಿದವು. ಸಂಜೆ ಹಿಮಬಿರುಗಾಳಿ ಎದ್ದಿತು. ಆ ಬಿರುಗಾಳಿಯಲ್ಲಿ ಪರ್ವತದ ಎರಡೂ ಕಡೆ ಸೇರಿ 8 ಮಂದಿ ಪ್ರಾಣ ತೆತ್ತರು. ಇಬ್ಬರು ನುರಿತ ತಂಡನಾಯಕರೂ, ನಮ್ಮ ದೇಶದ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಮೂವರೂ ಅವರಲ್ಲಿದ್ದರು. ಗುರಿ ಕಣ್ಣೆದುರಿಗೇ ಇರುವಾಗ ಹಿಂದೆ ತಿರುಗುವುದು ಎಷ್ಟು ಕಷ್ಟ! ಉಹುದ್‌ನಲ್ಲಿ ಗುಡ್ಡದ ಮೇಲೆ ನಿಲ್ಲಿಸಲ್ಪಟ್ಟ 50 ಮಂದಿ ಬಿಲ್ಲುಗಾರರಲ್ಲಿ ಹೆಚ್ಚಿನವರು, ಗೆಲುವು ಕೈಗೆ ಬಂತೆಂದು ಭಾವಿಸಿ, ಆಜ್ಞೆ ಮರೆತು ಕೆಳಗಿಳಿದಾಗ ಏನಾಯಿತೆಂದು ನಿಮಗೆ ತಿಳಿದೇ ಇದೆ. ಹತ್ತಬೇಡವೆಂದಾಗ ಹತ್ತುವುದೂ, ಇಳಿಯಬೇಡವೆಂದಾಗ ಇಳಿಯುವುದೂ ಆಸೆಯ ಎರಡು ಮುಖಗಳು.

ಆದರೆ ಪರ್ವತದಲ್ಲಿ ಮಡಿದವರೆಲ್ಲ ತಪ್ಪು ಮಾಡಿದವರೆಂದು ಯಾರೂ ಭಾವಿಸಬಾರದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಿಂದ ಮರಳುತ್ತಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿತು. ಅವರಲ್ಲಿ 18 ಮಂದಿ ನಮ್ಮ ಕರ್ನಾಟಕದವರು, ಮೂವರು ಸ್ಥಳೀಯ ಮಾರ್ಗದರ್ಶಕರು. 9 ಮಂದಿ ಮರಳಲಿಲ್ಲ. ರಕ್ಷಣಾ ಪಡೆಯವರೂ ವಾಯುಪಡೆಯ ಹೆಲಿಕಾಪ್ಟರುಗಳೂ ಉಳಿದ 13 ಮಂದಿಯನ್ನು ಕೆಳಗೆ ತಂದರು. ಮರಣದ ಗಳಿಗೆ ಅಲ್ಲಾಹನ ಕೈಯಲ್ಲಿದೆ. ನಮ್ಮ ಪಾಲಿಗಿರುವುದು ನೊಂದ ಕುಟುಂಬಗಳ ಕುರಿತು ಕನಿಕರ. ತೀರ್ಪು ಹೇಳುವ ಅಧಿಕಾರವಲ್ಲ.

ಇನ್ನು ನಮ್ಮೂರಿಗೆ ಬರೋಣ. ಉಸಿರಿಗಾಗಿ ಒದ್ದಾಡುವುದೆಂದರೇನೆಂದು ಚಾಮರಾಜನಗರಕ್ಕೆ ಯಾವ ಪರ್ವತವೂ ಕಲಿಸಬೇಕಿಲ್ಲ. 2021ರ ಮೇ 2 ಮತ್ತು 3ರ ನಡುವೆ, ಕೊರೋನಾ ಕಾಲದ ಆಮ್ಲಜನಕದ ಕೊರತೆಯ ನಡುವೆ, ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಕೊನೆಯುಸಿರೆಳೆದ ಸುದ್ದಿ ನಾಡನ್ನೇ ನಡುಗಿಸಿತು. ಅಂದು ಒಂದು ಸಿಲಿಂಡರಿನ ಬೆಲೆ ಏನೆಂದು ನಾವೆಲ್ಲ ಅರಿತೆವು. ಅರಿತದ್ದು ನಮ್ಮ ನೆನಪಿನಲ್ಲಿ ಉಳಿದಿದೆಯೇ?

2025ರ ಜನವರಿಯಲ್ಲಿ ಇದೇ ಜಿಲ್ಲೆಯ ಹಳ್ಳಿಗಳಿಂದ ಇನ್ನೊಂದು ಸುದ್ದಿ ಬಂತು. ಕಿರುಸಾಲದ ಕಂತು ಕಟ್ಟಲಾಗದೆ, ವಸೂಲಿಗೆ ಬರುವವರ ಕಾಟಕ್ಕೆ ಹೆದರಿ, ಬಡ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಮರು ತಿಂಗಳು ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಕಾನೂನು ಬರಲಿ, ಒಳ್ಳೆಯದೇ. ಜೀತವನ್ನು ದೇಶದ ಕಾನೂನು 1976ರಲ್ಲೇ ನಿಷೇಧಿಸಿದೆ. ಆದರೆ ಸಾಲದ ಹಗ್ಗ ಕೊರಳಿಗೆ ಬಿದ್ದವನು ಜೀತದಾಳಲ್ಲದೆ ಮತ್ತೇನು? ಬೀಗ ಬಿದ್ದ ಆ ಬಾಗಿಲುಗಳ ಅಕ್ಕಪಕ್ಕ ನೆರೆಮನೆಗಳಿರಲಿಲ್ಲವೇ? ನೆರೆಯವನು ಮುಸ್ಲಿಮನಾಗಿರಲಿ, ಅಲ್ಲದಿರಲಿ, ಅವನಿಗೆ ನಮ್ಮ ಮೇಲೆ ಹಕ್ಕಿದೆ ಎಂಬುದು ನಮ್ಮ ಧರ್ಮದ ಬೋಧನೆ.

ಓದುಗರೇ, ನಾವೆಲ್ಲರೂ ಒಂದೊಂದು ಶಿಖರದ ಕಡೆಗೆ ಹೊರಟಿದ್ದೇವೆ. ಒಬ್ಬನಿಗೆ ಎರಡನೆಯ ಮನೆ, ಇನ್ನೊಬ್ಬನಿಗೆ ಮಗಳ ಅದ್ದೂರಿ ಮದುವೆ, ಮತ್ತೊಬ್ಬನಿಗೆ ಮೂರನೆಯ ಬಾರಿಯ ಉಮ್ರಾ ಯಾತ್ರೆ. ಹಲಾಲಾದ ಆಸೆಗಳನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಆ ದಾರಿಯ ಬದಿಯಲ್ಲಿ ಸ್ವಂತ ತಮ್ಮನು ಸಾಲದಲ್ಲಿ ಕುಸಿದು ಕುಳಿತಿದ್ದರೆ? ವಿಧವೆಯಾದ ಅಕ್ಕನ ಮಕ್ಕಳು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದರೆ? ಆಗ ಪಕ್ಕದಿಂದ ದಾಟಿ ಹೋಗುತ್ತೇವೆಯೇ, ಅಥವಾ ನಿಂತು ನಮ್ಮ ಸಿಲಿಂಡರಿನ ಒಂದು ಪಾಲನ್ನು ಕೊಡುತ್ತೇವೆಯೇ? ನಾಳೆ ಪರಲೋಕದಲ್ಲಿ ಎಷ್ಟು ಎತ್ತರ ಏರಿದೆಯೆಂದು ಕೇಳಲಾಗುವುದಿಲ್ಲ. ದಾರಿಯಲ್ಲಿ ಕಂಡವನನ್ನು ಏನು ಮಾಡಿದೆ ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ.

ಈ ವಾರ ಒಂದೇ ಒಂದು ಕೆಲಸ ಮಾಡಿರಿ. ನಿಮ್ಮ ಕುಟುಂಬದಲ್ಲಿ, ನಿಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರು ಯಾರೆಂದು ಯೋಚಿಸಿರಿ. ಅವರ ಮನೆಗೆ ಹೋಗಿ ಬನ್ನಿರಿ. ಕೈಯಲ್ಲಿ ಹಣವಿಲ್ಲದಿದ್ದರೆ ಅವರೊಂದಿಗೆ ಸ್ವಲ್ಪ ಹೊತ್ತು ಕುಳಿತಿರಿ. ಮಜೂರನ ತಂಡವೂ ಆ ದಿನ ಮಾಡಿದ ಕೆಲಸದ ದೊಡ್ಡ ಪಾಲು ಜೊತೆಗೆ ಕುಳಿತುಕೊಳ್ಳುವುದೇ ಆಗಿತ್ತು.

ಏರುವಾಗ ಅಲ್ಲಾಹು ಅಕ್ಬರ್, ಇಳಿಯುವಾಗ ಸುಬ್‌ಹಾನಲ್ಲಾಹ್ ಎನ್ನುವುದು ಪ್ರವಾದಿವರ್ಯರ(ಸ) ಸಂಗಾತಿಗಳ ರೂಢಿಯಾಗಿತ್ತು. ಎತ್ತರದಲ್ಲಿರುವಾಗ ದೊಡ್ಡವನು ಅವನೇ, ನಾವಲ್ಲ. ತಗ್ಗಿಗೆ ಬಂದಾಗಲೂ ಯಾವ ಕೊರತೆಯೂ ಇಲ್ಲದವನು ಅವನೇ. ಈ ಎರಡು ಮಾತುಗಳನ್ನು ನಾಲಗೆಯಲ್ಲಿಟ್ಟುಕೊಂಡು ನಡೆದವನಿಗೆ ಏರಿನಲ್ಲಿ ಅಹಂಕಾರವಿಲ್ಲ, ಇಳಿತದಲ್ಲಿ ನಿರಾಶೆಯಿಲ್ಲ.

ಕಡಿದಾದ ಆ ಏರುದಾರಿಯನ್ನು ಏರುವ ಶಕ್ತಿಯನ್ನು, ಬಿದ್ದವನ ಬಳಿ ನಿಲ್ಲುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.