28 ಮಿಲಿಮೀಟರ್ ಅಭಿವೃದ್ಧಿ

ಬೆಂಗಳೂರಿನ ಸೈಕಲ್ ಗುಂಪುಗಳಲ್ಲಿ ಒಂದು ದೂರು ಆಗಾಗ ಕೇಳಿಸುತ್ತೆ: "ಆ ರೂಟ್ ಹಾಳಾಗೋಯ್ತು ಮಗಾ." ಹಾಳಾಗೋದು ಅನ್ನೋದಕ್ಕೆ ನಮ್ಮಲ್ಲಿ ಎರಡು ಅರ್ಥ. ಒಂದು, ಟಾರು ಕಿತ್ತು ಗುಂಡಿ ಬಿದ್ದಿದೆ. ಇನ್ನೊಂದು ಅದಕ್ಕೆ ತದ್ವಿರುದ್ಧ. ರಸ್ತೆ ಅಗಲ ಮಾಡಿದ್ದಾರೆ, ಬದಿಯ ಹುಣಸೆ ಮರಗಳು ಹೋಗಿವೆ, ಲೇಔಟಿನ ಬೋರ್ಡು ಎದ್ದಿವೆ, ಟಿಪ್ಪರ್‌ಗಳು ಓಡಾಡ್ತಿವೆ.

ಎರಡು ದೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮಗೆ ಬೇಕಾದ ರಸ್ತೆ ಯಾವುದು ಅಂತ ಸರಿಯಾಗಿ ತಿಳಿಯುತ್ತೆ. ನುಣ್ಣಗಿರಬೇಕು, ಆದರೆ ಕಿರಿದಾಗಿರಬೇಕು. ಟಾರು ಬರಬೇಕು, ಟಾರಿನ ಬೆನ್ನಿಗೇ ಬರುವ ಲಾರಿ ಬರಬಾರದು. ಟೀ ಅಂಗಡಿ ಇರಬೇಕು, ರೆಸಾರ್ಟ್ ಇರಬಾರದು. ರೋಡ್ ಬೈಕಿನ ಟೈರು ಸಾಮಾನ್ಯವಾಗಿ 28 ಮಿಲಿಮೀಟರ್ ಆಸುಪಾಸಿನ ಅಗಲ ಇರುತ್ತೆ. ಅಷ್ಟು ಅಗಲದ ಅಭಿವೃದ್ಧಿ ಆದರೆ ನಮಗೆ ಸಾಕು.

ಇದನ್ನು ಬರೀ ತಮಾಷೆಗೆ ಹೇಳ್ತಿಲ್ಲ. ವಾರಕ್ಕೊಮ್ಮೆ ಹಾದು ಹೋಗುವವನು, ಒಂದು ಊರು ಈಗಿರುವ ಹಾಗೇ ಇರಲಿ ಅಂತ ಬಯಸುವುದು ನ್ಯಾಯವೇ? ಬಯಸಿದರೂ, ಅದನ್ನು ಬಾಯಿಬಿಟ್ಟು ಕೇಳುವ ಹಕ್ಕು ಅವನಿಗೆ ಎಲ್ಲಿಂದ ಬರಬೇಕು?

ನಮ್ಮ ಹೆಚ್ಚಿನವರ ದಾರಿ ನಂದಿ ಬೆಟ್ಟದ್ದು. ಹೆಬ್ಬಾಳ, ಯಲಹಂಕ, ಟಿಪ್ಪು ಹುಟ್ಟಿದ ದೇವನಹಳ್ಳಿ. ಅಲ್ಲಿಂದ ಹೆದ್ದಾರಿ ಬಿಟ್ಟು ಒಳಗೆ ಹೊಕ್ಕರೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಗುಲಾಬಿ, ನೀಲಗಿರಿ ತೋಪು. ಮುಂದೆ ಏಳೆಂಟು ಕಿಲೋಮೀಟರಿನ ಏರು, ನಲವತ್ತು ತಿರುವು. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಬೇರೆ ಮನಸ್ಸಿದ್ದವರು ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯದ ಕಡೆ ತಿರುಗುತ್ತಾರೆ. ಇನ್ನು ಕೆಲವರು ಬೆಟ್ಟದ ಬುಡದ ನಂದಿ ಗ್ರಾಮಕ್ಕೆ, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೆ. ಚಿಕ್ಕಬಳ್ಳಾಪುರದ ದಾರಿಯಲ್ಲಿ ಸಿಗುವ ಆವತಿ ಸಣ್ಣ ಊರು, ತಿಂಡಿಗೂ ಯಾರೂ ನಿಲ್ಲಲ್ಲ. ಕೆಂಪೇಗೌಡರ ಪೂರ್ವಿಕರು ಆಳಿದ್ದು ಅಲ್ಲಿಂದ. ಅಂದ್ರೆ ನಾವು "ಬೆಂಗಳೂರಿನಿಂದ ಆಚೆ" ಅಂತ ಹೋಗುವ ಜಾಗದಿಂದಲೇ ಬೆಂಗಳೂರು ಬಂದಿದೆ.

ಈ ಒಳರಸ್ತೆಗಳು ನುಣ್ಣಗಾದದ್ದು ನಮಗಾಗಿ ಅಲ್ಲ. 2000ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ ನಮ್ಮ ಗ್ರಾಮ ನಮ್ಮ ರಸ್ತೆ, ಇಂಥವುಗಳಿಂದ ಊರೂರಿಗೆ ಟಾರು ಬಂತು. ಮಳೆಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದವರು, ಹೂವು ಬಾಡುವ ಮುಂಚೆ ಮಾರ್ಕೆಟ್ಟಿಗೆ ಮುಟ್ಟಿಸಬೇಕಾದವರು ಪಟ್ಟು ಹಿಡಿದು ಕೇಳಿದ ರಸ್ತೆ ಅದು. ಒಮ್ಮೆ ಟಿವಿಎಸ್ ಎಕ್ಸೆಲ್‌ಗೆ ಎರಡು ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟವರೊಬ್ಬರು ಪಕ್ಕಕ್ಕೆ ಬಂದು ನನ್ನ ಸೈಕಲ್ಲಿನ ರೇಟು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹದಿನೈದು ವರ್ಷ ಸೈಕಲ್ಲಲ್ಲೇ ಹಾಲು ಹಾಕಿದೀನಿ ಸಾರ್, ಸಾಕಪ್ಪಾ ಸಾಕು ಅನಿಸಿಬಿಟ್ಟಿತ್ತು" ಅಂದು ಮುಂದೆ ಹೋದರು. ಅವರು ಬಿಟ್ಟು ಬಂದ ಕಷ್ಟವನ್ನು ನಾವು ದುಡ್ಡು ಕೊಟ್ಟು ಕೊಳ್ತಿದೀವಿ. ಅದರಲ್ಲಿ ತಪ್ಪೇನಿಲ್ಲ, ನಾಚಿಕೆಯೂ ಬೇಕಿಲ್ಲ. ಆದರೆ ಅವರು ಕೇಳಿ ಪಡೆದದ್ದು ನಮಗೆ ಸುಖವಾಗುವಷ್ಟಕ್ಕೆ ಬಂದು ನಿಲ್ಲಬೇಕು, ಇನ್ನೊಂದು ಅಡಿಯೂ ಮುಂದೆ ಹೋಗಬಾರದು ಅನ್ನುವ ಗೆರೆಯನ್ನು ಎಳೆದವರು ಯಾರು?

ಇದೇ ಗೆರೆಯನ್ನು ಉಲ್ಟಾ ಎಳೆದ ಜಾಗವೂ ಒಂದಿದೆ. ಸೈಕಲ್ ಹುಚ್ಚಿನವರೆಲ್ಲ ಒಮ್ಮೆಯಾದರೂ ಹೋಗಬೇಕು ಅಂತ ಕನಸು ಕಾಣುವ ಇಟಲಿಯ ಟಸ್ಕನಿ. ಅಲ್ಲಿ ಸಿಯೆನಾ ಸುತ್ತಲಿನ ಕಿಯಾಂಟಿ ಗುಡ್ಡಗಳಲ್ಲಿ ಬಿಳಿ ಜಲ್ಲಿಯ ಹಳೇ ರಸ್ತೆಗಳಿವೆ. ಅವಕ್ಕೆಲ್ಲ ಟಾರು ಬೀಳುವ ಹೊತ್ತಿಗೆ, ಗಯೋಲೆ ಅನ್ನುವ ಪುಟ್ಟ ಊರಿನ ಜಾನ್‌ಕಾರ್ಲೊ ಬ್ರೊಚ್ಚಿ 1997ರಲ್ಲಿ ಒಂದು ಸವಾರಿ ಶುರು ಮಾಡಿದರು. ಹೆಸರು ಲೆರೋಯಿಕಾ. ಹಳೇ ಕಾಲದ ಸ್ಟೀಲ್ ಸೈಕಲ್ಲು, ಉಣ್ಣೆ ಜೆರ್ಸಿ, ಜಲ್ಲಿ ರಸ್ತೆ. ಮೊದಲ ವರ್ಷ ಬಂದವರು 92 ಜನ. ಈಗ ಸಾವಿರಗಟ್ಟಲೆ ಬರುತ್ತಾರೆ. 2007ರಿಂದ ಅದೇ ಜಲ್ಲಿಯ ಮೇಲೆ ವೃತ್ತಿಪರರ ಸ್ಟ್ರಾದೆ ಬಿಯಾಂಕೆ ರೇಸೂ ನಡೆಯುತ್ತಿದೆ. ಟಾರು ನಿಂತಿತು, ರಸ್ತೆ ಬಿಳಿಯಾಗಿಯೇ ಉಳಿಯಿತು.

ನೋಡಿದ್ರಾ, ಸೈಕಲಿಗರು ಒಂದು ನಾಡನ್ನೇ ಉಳಿಸಿದರು ಅಂತ ಈ ಕಥೆಯನ್ನು ನಮ್ಮಲ್ಲಿ ಹೇಳುವವರಿದ್ದಾರೆ. ನನಗೂ ಇಷ್ಟವಾದ ಕಥೆಯೇ. ಆದರೆ ಅದಕ್ಕಿಂತ ಹಿಂದಿನ ಅಧ್ಯಾಯವನ್ನು ಯಾರೂ ಹೇಳಲ್ಲ. ಆ ಗುಡ್ಡಗಳಲ್ಲಿ ಶತಮಾನಗಳ ಕಾಲ ದುಡಿದವರು ಬೆಳೆಯ ಅರ್ಧವನ್ನು ಒಡೆಯನಿಗೆ ಅಳೆದು ಕೊಡುತ್ತಿದ್ದ ಗೇಣಿದಾರರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರು ಗುಂಪುಗುಂಪಾಗಿ ನಗರಕ್ಕೆ, ಕಾರ್ಖಾನೆಗೆ ಹೊರಟರು. 1964ರಲ್ಲಿ ಇಟಲಿಯ ಕಾನೂನು ಹೊಸದಾಗಿ ಅಂಥ ಗೇಣಿ ಒಪ್ಪಂದ ಮಾಡಿಕೊಳ್ಳುವುದನ್ನೇ ನಿಷೇಧಿಸಿತು. ಖಾಲಿಯಾದ ಕಲ್ಲಿನ ಮನೆಗಳನ್ನು ನಗರದವರು, ಹೊರದೇಶದವರು ಕೊಂಡು ರಜೆಯ ಮನೆ ಮಾಡಿಕೊಂಡರು. ಫೋಟೋದಲ್ಲಿ ಸೈಪ್ರಸ್ ಸಾಲಿನ ನಡುವೆ ಕಾಣುವ ಆ ನಿಶ್ಶಬ್ದ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿದ ನಿಶ್ಶಬ್ದ. ಟಾರು ಬೇಕು ಅಂತ ಜಗಳಕ್ಕೆ ನಿಲ್ಲಬೇಕಾದವರಲ್ಲಿ ಬಹಳ ಮಂದಿ ಆಗಲೇ ಹೋಗಿಬಿಟ್ಟಿದ್ದರು. ಬ್ರೊಚ್ಚಿಯವರ ಬಗ್ಗೆ ನನಗೆ ಗೌರವ ಇರೋದು, ಅವರು ಉಳಿದುಕೊಂಡವರ ಪೈಕಿ ಅನ್ನೋ ಕಾರಣಕ್ಕೆ. ಹಾದು ಹೋಗುವವನ ಬಾಯಲ್ಲಿ ಅದೇ ಮಾತು ಬಂದಿದ್ದರೆ ತೂಕ ಬೇರೆಯೇ ಆಗುತ್ತಿತ್ತು.

ಹಾಗಾದರೆ ಹೊರಗಿನವನು ಬಾಯಿ ಮುಚ್ಚಿಕೊಂಡು ಪೆಡಲ್ ತುಳಿಯಬೇಕಾ? ಅದನ್ನೂ ನಾನು ಒಪ್ಪಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವನ್ನೇ ತಗೊಳ್ಳಿ. 9ನೇ ಶತಮಾನದಷ್ಟು ಹಳೆಯದು. ಚೋಳರಿಂದ ವಿಜಯನಗರದವರವರೆಗೆ ಬಂದವರೆಲ್ಲ ಒಂದಿಷ್ಟು ಸೇರಿಸಿದ್ದಾರೆ. ಆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತವನಿಗೆ ಇದು ಬರೀ ಈ ಊರಿನವರ ಆಸ್ತಿ, ಅವರು ಏನು ಬೇಕಾದರೂ ಮಾಡಿಕೊಳ್ಳಲಿ ಅನಿಸೋದಿಲ್ಲ. ಕಾನೂನಿಗೂ ಹಾಗೆ ಅನಿಸಿಲ್ಲ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ನ್ಯಾಯವಾದ ನಿಯಮವೇ. ಆದರೆ ಮಗನ ಮದುವೆಗೆ ಮುಂಚೆ ಪಕ್ಕದ ಜಾಗದಲ್ಲೊಂದು ಮನೆ ಎಬ್ಬಿಸೋಣ ಅಂದುಕೊಂಡವನು ಆ 100 ಮೀಟರಿನೊಳಗಿದ್ದರೆ, ನಮ್ಮೆಲ್ಲರ ಇತಿಹಾಸದ ಬಾಡಿಗೆಯನ್ನು ಅವನೊಬ್ಬನೇ ಕಟ್ಟುತ್ತಿರುತ್ತಾನೆ.

ನನಗೆ ತೋಚುವ ಅಳತೆ ಇಷ್ಟೇ: ನಾನು ಕೇಳುತ್ತಿರುವುದರ ಬಿಲ್ಲು ಯಾರ ಟೇಬಲ್ಲಿಗೆ ಹೋಗುತ್ತೆ? ರಸ್ತೆ ಅಗಲ ಮಾಡಬೇಡಿ ಅಂದರೆ ಆ ಬಿಲ್ಲು ಹೂವಿನ ಟೆಂಪೋದವನಿಗೆ. ಭಾನುವಾರ ಬೆಳಗ್ಗೆ ನಂದಿ ರಸ್ತೆಗೆ ಖಾಸಗಿ ಕಾರು ಬೇಡ, ಬಸ್ಸು ಹೆಚ್ಚಿಸಿ ಅಂದರೆ ಬಿಲ್ಲಿನ ದೊಡ್ಡ ಪಾಲು ನಮಗೇ. ಯಾಕಂದ್ರೆ ಸೈಕಲ್ಲನ್ನು ಕಾರಿನ ನೆತ್ತಿಗೆ ಕಟ್ಟಿ ಬೆಟ್ಟದ ಬುಡದವರೆಗೆ ತಂದು, ಹತ್ತಿ ಇಳಿದು, ಮತ್ತೆ ಕಾರಲ್ಲೇ ಮನೆಗೆ ಹೋಗುವವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಮೊದಲನೆಯದನ್ನು ಗಟ್ಟಿಯಾಗಿ ಕೇಳುವವರು ಬಹಳ. ಎರಡನೆಯದನ್ನು ಎತ್ತಿದರೆ ಗುಂಪಿನಲ್ಲಿ ಥಂಬ್ಸ್ ಅಪ್ ಕೂಡ ಬರಲ್ಲ.

ಬಿಲ್ಲು ಕಟ್ಟಿದವನಿಗೇ ಮಾತು ಅಂದ್ರೆ ದುಡ್ಡಿದ್ದವನದೇ ನ್ಯಾಯ ಆಗಲ್ವಾ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಐದು ಎಕರೆ ಕೊಂಡು ಬೇಲಿ ಹಾಕಿ ವೀಕೆಂಡ್ ಮನೆ ಕಟ್ಟಿದವನೂ ಬಿಲ್ಲು ಕಟ್ಟಿದ್ದಾನೆ. ಆದರೆ ಅವನು ಕೊಂಡಿದ್ದಾನೆ, ಬಿಟ್ಟುಕೊಟ್ಟಿಲ್ಲ. ನಾನು ಹೇಳುತ್ತಿರುವುದು ಬಿಟ್ಟುಕೊಡುವುದರ ಬಗ್ಗೆ: ಒಂದಿಷ್ಟು ಅನುಕೂಲ, ಒಂದಿಷ್ಟು ಸಮಯ.

ಇನ್ನೊಂದು ತೊಡಕಿದೆ. "ಹಳ್ಳಿಯವರಿಗೆ ಏನು ಬೇಕು" ಅಂತ ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೀವಿ, ಅಲ್ಲಿ ಒಂದೇ ಬಾಯಿ ಇದ್ದ ಹಾಗೆ. ರಸ್ತೆಗೆ ತಾಗಿ ಜಮೀನಿದ್ದವನಿಗೆ ಅಗಲೀಕರಣ ಲಾಟರಿ, ಒಳಗಿದ್ದವನಿಗೆ ಬರೀ ಧೂಳು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಸರ್ಕಾರ ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ನಡೆಸಿದರು. 2025ರ ಜುಲೈನಲ್ಲಿ ಭೂಸ್ವಾಧೀನ ಕೈಬಿಟ್ಟದ್ದಾಗಿ ಮುಖ್ಯಮಂತ್ರಿ ಘೋಷಿಸಿದರು. ಸ್ವಇಚ್ಛೆಯಿಂದ ಭೂಮಿ ಕೊಡುವವರಿಂದ ಕೊಳ್ಳುತ್ತೇವೆ ಅಂತಲೂ ಹೇಳಿದರು. ಆ ಕಡೆ ಸೈಕಲ್ಲಿನಲ್ಲಿ ಹೋದರೆ ಕಾಣುವ ಹಸಿರನ್ನು ಉಳಿಸಿದ್ದು ಆ ಧರಣಿ. ಅವರು ಕೂತದ್ದು ನಮ್ಮ ವ್ಯೂಗೋಸ್ಕರ ಅಲ್ಲ. ನಾಳೆ ಅವರಲ್ಲೊಬ್ಬರು ಮಗಳ ಓದಿಗೆ ಅಂತ ಒಂದು ಎಕರೆ ಮಾರಿದರೆ "ಅಯ್ಯೋ, ಎಂಥ ಜಾಗ ಇತ್ತು" ಅನ್ನುವ ಹಕ್ಕು ನಮಗಿದೆಯಾ? ಅಯ್ಯೋ ಅನ್ನಬಹುದು. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನುವಂತಿಲ್ಲ ಅಂತ ನನ್ನ ಅನಿಸಿಕೆ.

ಅಂದಹಾಗೆ ನಾವು ಬರೀ ಹಾದು ಹೋಗುವವರೂ ಅಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ನಮ್ಮ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಅಲ್ಲಿನವರು ಕೇಳುತ್ತಲೇ ಇದ್ದಾರೆ. ಬೆಳಗಿನ ಹೊತ್ತು ಎಷ್ಟು ಚಂದ ಅಂತ ನಿಂತು ಫೋಟೋ ತೆಗೆಯುವ ಕೆರೆಯಲ್ಲಿ ನಮ್ಮದೇ ಸ್ನಾನದ ನೀರಿರಬಹುದು. ರಸ್ತೆಯ ಅಗಲದ ವಿಷಯದಲ್ಲಿ ನಮಗೆ ಮಾತಿಲ್ಲದಿದ್ದರೂ ಈ ನೀರಿನ ವಿಷಯದಲ್ಲಿ ಖಂಡಿತ ಇದೆ, ಯಾಕಂದ್ರೆ ಇಲ್ಲಿ ಬಿಲ್ಲು ನೇರವಾಗಿ ನಮ್ಮ ವಿಳಾಸಕ್ಕೇ ಬರಬೇಕು. ನಮ್ಮ ಗುಂಪುಗಳಲ್ಲಿ ಚೈನ್ ಲೂಬ್ ಯಾವುದು ಒಳ್ಳೇದು ಅನ್ನುವುದರ ಮೇಲೆ ನಡೆಯುವ ಚರ್ಚೆಯ ಹತ್ತರಲ್ಲೊಂದು ಭಾಗ ಇದರ ಮೇಲೆ ನಡೆದಿದ್ದರೆ ನಾನು ಈ ಪ್ಯಾರಾ ಬರೆಯುತ್ತಿರಲಿಲ್ಲ.

ಈಗ ನಂದಿಗೆ ರೋಪ್‌ವೇ ಬರುವ ಮಾತಿದೆ. 2023ರಲ್ಲಿ ಶಂಕುಸ್ಥಾಪನೆಯೂ ಆಯಿತು. ನಮ್ಮವರಲ್ಲಿ ಬೇಡ ಅನ್ನುವವರೇ ಜಾಸ್ತಿ. ಬೆಟ್ಟ ಹಾಳಾಗುತ್ತೆ, ಜನ ಮುತ್ತುತ್ತಾರೆ ಅನ್ನೋದು ವಾದ. ನನ್ನದೂ ಹೆಚ್ಚುಕಮ್ಮಿ ಅದೇ ಅಭಿಪ್ರಾಯ. ಬೆಟ್ಟದ ಬುಡದಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಾಕಿ ಕೊಡುವ ಅಜ್ಜಿಯೊಬ್ಬರನ್ನು ನೀವೇನಂತೀರ ಅಂತ ಕೇಳಿದೆ. ಬೆಟ್ಟ ಹಾಳಾಗುವ ಮಾತು ಅವರೆತ್ತಲಿಲ್ಲ. "ಅದು ಬಂದ್ರೆ ಜನ ಇಲ್ಲಿ ಇಳೀತಾರೇನಪ್ಪಾ, ಇಲ್ಲಾ ತಲೆ ಮೇಲೇ ಹೋಗ್ಬಿಡ್ತಾರಾ?" ಅಂತ ತಿರುಗಿ ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಜ್ಜಿ ಅಂದೆ. ಒಂದು ಹೋಳು ಕೈಗಿಟ್ಟು ಹೇಳಿದರು: "ಕಾರಿನೋರಾದ್ರೂ ನಿಲ್ತಾರೆ. ನಿಮ್ ಸೈಕಲ್ನೋರೇ ನಿಲ್ಲಲ್ಲ. ಟೈಮ್ ಹೋಗ್ತದಂತೆ."