ಎರಡು ಹೊದಿಕೆಗಳ ಗಡಿ

ನಡುರಾತ್ರಿ ಎಚ್ಚರವಾದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಯಾರವೋ ಎಂಬಂತೆ ಬಿದ್ದಿರುತ್ತವೆ. ಕತ್ತಲಲ್ಲೇ ಕೈ ಕೊಡವಿ, ಹಾಸಿಗೆ ಬಟ್ಟೆಯ ಒರಟು, ಕಂಬಳಿಯ ಬಿಸುಪು ಒಂದೊಂದಾಗಿ ಬೆರಳಿಗೆ ಮರಳುವುದನ್ನು ಕಾಯುತ್ತ ಕೂರುವವರು ಎಷ್ಟೋ ಜನ. ಮಣಿಕಟ್ಟಿನೊಳಗೆ, ಪುಟ್ಟ ಮೂಳೆಗಳ ಕಮಾನಿಗೂ ಅದರ ಮೇಲೆ ಬಿಗಿದ ಗಟ್ಟಿ ಪಟ್ಟಿಗೂ ನಡುವೆ ಇರುವ ಕಾರ್ಪಲ್ ಟನಲ್ ಎಂಬ ಕಿರುದಾರಿಯಲ್ಲಿ, ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಒತ್ತರಿಸಿಕೊಂಡು ಸಾಗುತ್ತದೆ. ಅಲ್ಲಿ ಬಾವು ಬಂದರೆ ಇಕ್ಕಟ್ಟಿಗೆ ಸಿಗುವುದು ನರ. ನನ್ನನ್ನು ಬೆರಗಿನಲ್ಲಿ ನಿಲ್ಲಿಸುವುದು ಉಂಗುರಬೆರಳು. ನಡುಬೆರಳಿನ ಕಡೆಯ ಅರ್ಧ ಈ ನರದ್ದು, ಕಿರುಬೆರಳಿನ ಕಡೆಯ ಅರ್ಧ ಅಲ್ನಾರ್ ನರದ್ದು. ಹಾಗಾಗಿ ಒಂದೇ ಬೆರಳಿನ ಒಂದು ಮಗ್ಗುಲು ಮರಗಟ್ಟಿದ್ದರೂ ಇನ್ನೊಂದು ಮಗ್ಗುಲು ಹತ್ತಿಯ ಎಳೆ ಸೋಕಿದ್ದನ್ನೂ ಅರಿಯುತ್ತದೆ. ಯಾವ ಗೆರೆಯೂ ಕಾಣದ ಚರ್ಮದ ಮೇಲೆ ಅಷ್ಟು ನಿಖರವಾದ ಗಡಿ!

ಇಂಥದೇ ಜೋಮು ಬಹುದೂರದಿಂದಲೂ ಬೆರಳಿಗೆ ಇಳಿದು ಬರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ (ಎಂಎಸ್) ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಮಿದುಳು ಬೆನ್ನುಹುರಿಗಳ ನರತಂತುಗಳನ್ನು ಸುತ್ತಿದ ಮಯಲಿನ್ ಎಂಬ ಹೊದಿಕೆಯನ್ನು ಅಲ್ಲಲ್ಲಿ ಕಳಚುತ್ತದೆ; ಅದನ್ನೊಂದು ಪ್ರತ್ಯೇಕ ರೋಗವೆಂದು 1868ರಲ್ಲಿ ವಿವರಿಸಿದವನು ಪ್ಯಾರಿಸ್ಸಿನ ಶಾರ್ಕೋ. ಕತ್ತು ಬಗ್ಗಿಸಿದೊಡನೆ ಬೆನ್ನಗುಂಟ ವಿದ್ಯುತ್ ಹರಿದಂತಾಗುವ ಲೆರ್ಮಿಟ್ ಚಿಹ್ನೆ ಈ ರೋಗದಲ್ಲೂ ಉಂಟು, ಕತ್ತಿನ ಮೂಳೆ ಸವೆದು ಬೆನ್ನುಹುರಿಯನ್ನು ಒತ್ತಿದಾಗಲೂ ಉಂಟು.

ಆ ಹೊದಿಕೆಯನ್ನು ನೆನೆದಾಗಲೆಲ್ಲ ಮನಸ್ಸು ಮೆಲ್ಲಗಾಗುತ್ತದೆ. ಅದು ಸುತ್ತಿದಲ್ಲಿ ಸಂದೇಶವು ನಡುನಡುವಿನ ಬಿಡುವುಗಳಿಂದ ಬಿಡುವುಗಳಿಗೆ ಜಿಗಿಯುತ್ತ, ಕೈಯ ನರದಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಹೊರಗಿನ ಒತ್ತಡವೂ ಮೊದಲು ಕೆಡಿಸುವುದು ಬಹುಮಟ್ಟಿಗೆ ಇದನ್ನೇ. ಕೈಕಾಲಿನ ನರಗಳಲ್ಲಿ ಅದನ್ನು ನೇಯುವುದು ಶ್ವಾನ್ ಕೋಶ, ಒಂದೇ ತಂತುವಿನ ಒಂದೇ ತುಂಡಿಗೆ ತನ್ನನ್ನು ಸುರುಳಿ ಸುತ್ತಿಕೊಂಡು. ಮಿದುಳು ಬೆನ್ನುಹುರಿಗಳಲ್ಲಿ ಆಲಿಗೊಡೆಂಡ್ರೊಸೈಟ್, ಎಷ್ಟೋ ತಂತುಗಳತ್ತ ಏಕಕಾಲಕ್ಕೆ ತೋಳು ಚಾಚಿ. ಕಳಚಿಹೋದ ಮೇಲೂ ಕೆಲವು ಕಡೆ ಹೊಸ ಹೊದಿಕೆ ಮೂಡುತ್ತದಂತೆ, ಮೊದಲಿಗಿಂತ ತೆಳ್ಳಗೆ.

ಮುಖದ ಸ್ಪರ್ಶವನ್ನೆಲ್ಲ ಹೊತ್ತ ಟ್ರೈಜೆಮಿನಲ್ ನರ ಮಿದುಳಿನ ಕಾಂಡವನ್ನು ಹೊಗುವಲ್ಲಿ, ಕೆಲವೇ ಮಿಲಿಮೀಟರ್ ಹರವಿನಲ್ಲಿ, ಶ್ವಾನ್ ಕೋಶದ ನೇಯ್ಗೆ ಮುಗಿದು ಆಲಿಗೊಡೆಂಡ್ರೊಸೈಟ್‌ನದು ತೊಡಗುತ್ತದೆ. ಅಲ್ಲಿಯೇ ರಕ್ತನಾಳದ ಕೊಂಕೊಂದು ನರಕ್ಕೆ ತಾಗಿ, ಎದೆ ಬಡಿದಾಗಲೆಲ್ಲ ಮಿಡಿದು ಮಿಡಿದು, ವರ್ಷಗಟ್ಟಲೆ ಅದನ್ನು ಸವೆಸುವುದುಂಟು. ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ಶಸ್ತ್ರವೈದ್ಯ 1934ರಲ್ಲೇ ಇದನ್ನು ಬರೆದಿಟ್ಟಿದ್ದ. ಎಂಎಸ್‌ನ ಕಲೆಯೂ ಅದೇ ಜಾಗದಲ್ಲಿ ಬಂದು ಕೂರಬಹುದು, ಕೆಲವರಲ್ಲಿ ಎರಡೂ ಒಟ್ಟಿಗೆ ಕಾಣಿಸುತ್ತವೆ. ಆಗ ಕೆನ್ನೆಗೆ ತಂಗಾಳಿ ಸೋಕಿದರೆ, ಕಾಫಿಯ ಮೊದಲ ಗುಟುಕು ವಸಡಿಗೆ ತಾಕಿದರೆ, ಅರ್ಧ ಮುಖದಲ್ಲಿ ಸಿಡಿಲಿನ ನೋವು. ಜೀವವನ್ನು ಹಿಡಿದಿಟ್ಟ ಮಿಡಿತವೇ ನೋವನ್ನೂ ತರುತ್ತಿದೆಯೆಂಬುದರ ಮುಂದೆ ನಾನು ಸುಮ್ಮನೆ ನಿಲ್ಲುತ್ತೇನೆ, ವಿವರಣೆ ಗೊತ್ತಿದ್ದೂ.

ಎಂಎಸ್ ಇದ್ದವರು ಊರುಗೋಲಿಗೆ ಭಾರ ಕೊಟ್ಟು, ಗಾಲಿಕುರ್ಚಿಯನ್ನು ತಳ್ಳಿ ತಳ್ಳಿ ಮಣಿಕಟ್ಟಿನ ನರವನ್ನೂ ನೋಯಿಸಿಕೊಳ್ಳುವುದುಂಟು. ಹತ್ತಿರದ ಜೋಮು, ದೂರದ ಜೋಮು ಒಂದೇ ಅಂಗೈಯಲ್ಲಿ ಬೆರೆತುಹೋಗುತ್ತವೆ. ಎಲ್ಲವನ್ನೂ ದೊಡ್ಡ ರೋಗದ ಲೆಕ್ಕಕ್ಕೆ ಸೇರಿಸಿಬಿಡುವ ಆತುರ ಕಂಡರೆ ನನಗೆ ಸಂಕಟ. ನರದ ವೇಗ ಅಳೆಯುವ ಪರೀಕ್ಷೆಯಲ್ಲಿ ಮಣಿಕಟ್ಟಿನ ಬಳಿ ವಿದ್ಯುತ್ತಿನ ಸಣ್ಣ ತಟ್ಟು ಕೊಟ್ಟು, ಸಂದೇಶ ಎಷ್ಟು ಮಿಲಿಸೆಕೆಂಡು ತಡವಾಯಿತೆಂದು ಕೇಳಿಸಿಕೊಂಡರೆ ಹತ್ತಿರದ್ದು ಬೇರೆಯಾಗಿ ತೋರುತ್ತದೆ. ರಾತ್ರಿ ಕಟ್ಟುವ ಪಟ್ಟಿಗೋ, ಬಿಗಿ ಬಿಡಿಸುವ ಸಣ್ಣ ಶಸ್ತ್ರಕ್ರಿಯೆಗೋ ಅಷ್ಟಾದರೂ ಇಳಿಯುತ್ತದೆ, ಊರುಗೋಲು ಹಿಡಿಯುವ ಆ ಕೈಗೇ.