ಭೂತಾಪವೂ ಗೃಹಸ್ಥನ ಚಿಂತೆಯೂ

ಭೂಮಿಯು ವರ್ಷದಿಂದ ವರ್ಷಕ್ಕೆ ಕಾಯುತ್ತಿದೆ, ಅದರಿಂದ ಮಳೆಬೆಳೆಗಳ ಕ್ರಮವು ಕೆಡುತ್ತಿದೆ ಎಂಬ ಮಾತು ಈಗ ಹನುಮಸಾಗರದಂಥ ಊರುಗಳಲ್ಲಿಯೂ ಕೇಳಿಬರುತ್ತಿದೆ. ಇದಕ್ಕೆ ನಮ್ಮ ಗೃಹಸ್ಥರು ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಕೊಡುವುದುಂಟು. “ಬರವೇನು ನಮಗೆ ಹೊಸದೆ? ಮುತ್ತಜ್ಜರ ಕಾಲದಿಂದಲೂ ಇದ್ದದ್ದೇ” ಎಂಬುದು ಒಂದು. “ಎಲ್ಲವೂ ಶಿವನಿಚ್ಛೆ, ನಾವು ಚಿಂತಿಸಿ ಆಗುವುದೇನು?” ಎಂಬುದು ಇನ್ನೊಂದು. ಇವೆರಡೂ ಪರೀಕ್ಷಿಸತಕ್ಕ ಮಾತುಗಳು.

ಮೊದಲನೆಯದರಲ್ಲಿ ಸತ್ಯಾಂಶವುಂಟು. ನಮ್ಮದು ಬಯಲುಸೀಮೆಯ ಒಣಭೂಮಿ. ಕೊಪ್ಪಳ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆಯ ಸರಾಸರಿ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳೂ ನಿಜಾಮನ ಸೀಮೆಯೂ ಒಟ್ಟಿಗೆ ಬೆಂದುಹೋದವು. ಪೆಸಿಫಿಕ್ ಮಹಾಸಾಗರದ ನೀರು ಅಸಾಧಾರಣವಾಗಿ ಕಾದದ್ದು ಅದಕ್ಕೆ ಕಾರಣವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಆ ಸಾಗರವನ್ನು ಮನುಷ್ಯರು ಕಾಯಿಸಿರಲಿಲ್ಲ. ಆದರೆ ಜನ ಸತ್ತದ್ದು ಮಳೆ ಸೋತದ್ದರಿಂದ ಮಾತ್ರವಲ್ಲ. ಕ್ಷಾಮದ ನಡುವೆಯೇ ಈ ದೇಶದ ಧಾನ್ಯವು ಹಡಗನ್ನೇರಿ ಹೊರಗೆ ಹೋಯಿತು, ಪರಿಹಾರದ ಕೆಲಸಕ್ಕೆ ಬಂದವರ ಕೂಲಿಯನ್ನು ಬ್ರಿಟಿಷ್ ಸರಕಾರ ಕಡಿಮೆ ಮಾಡಿತು. ಬರವನ್ನು ಆಕಾಶ ತಂದರೂ ಸಾವಿನಲ್ಲಿ ಮನುಷ್ಯರ ಪಾಲು ದೊಡ್ಡದಿತ್ತು. ಈಗಿನ ವ್ಯತ್ಯಾಸವೆಂದರೆ, ಆಕಾಶದ ಪಾಲಿನಲ್ಲಿಯೂ ಮನುಷ್ಯನ ಕೈ ಸೇರಿಕೊಂಡಿದೆ.

ಅದು ಹೇಗೆಂಬುದನ್ನು ತಿಳಿಯಬೇಕು. ಕಲ್ಲಿದ್ದಲು, ಡೀಸೆಲ್, ಪೆಟ್ರೋಲುಗಳನ್ನು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಎಂಬ ಅನಿಲವು ಭೂಮಿಯ ಶಾಖವನ್ನು ಹೊರಗೆ ಬಿಡದೆ ಕಂಬಳಿಯಂತೆ ತಡೆಯುತ್ತದೆ. ಕಂಬಳಿ ಸ್ವತಃ ಕೆಟ್ಟದ್ದಲ್ಲ. ಇಂಥ ಅನಿಲಗಳ ಹೊದಿಕೆಯೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಮಾನ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಕೇಡಾದದ್ದು ಕಂಬಳಿಯ ಮೇಲೆ ಕಂಬಳಿ ಹೊದಿಸಿದ್ದರಿಂದ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 280 ಪಾಲಿತ್ತು. 1958ರಲ್ಲಿ ಹವಾಯಿ ದ್ವೀಪದಲ್ಲಿ ಅಳೆಯಲು ತೊಡಗಿದಾಗ ಸುಮಾರು 315. 2024ರಲ್ಲಿ 420ನ್ನು ಮೀರಿತ್ತು. ಅಳತೆ ಇಟ್ಟಂದಿನಿಂದ ಆ 2024ನೆಯ ವರ್ಷವೇ ಅತ್ಯಂತ ಬಿಸಿಯಾದದ್ದು. ಯಂತ್ರಯುಗದ ಪೂರ್ವಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು.

ಬೇಸಿಗೆಯಲ್ಲಿ 40 ಡಿಗ್ರಿಯ ಬಿಸಿಲನ್ನು ಉಂಡು ಬೆಳೆದ ನಮಗೆ ಒಂದೂವರೆ ಡಿಗ್ರಿ ಯಾವ ಲೆಕ್ಕ ಎಂದು ಕೇಳಬಹುದು. ಮನೆಯ ಮಗುವಿನ ಮೈಶಾಖ 37 ಡಿಗ್ರಿಯಿಂದ 38.5ಕ್ಕೆ ಏರಿದರೆ ತಾಯಿ ಹಾಗೆನ್ನುವಳೆ? ಸರಾಸರಿ ಎಂಬುದು ಸಣ್ಣ ಅಂಕೆಯಲ್ಲಿ ದೊಡ್ಡ ಮಾತನ್ನು ಅಡಗಿಸಿಕೊಂಡಿರುತ್ತದೆ. ಗಾಳಿಯು ಒಂದು ಡಿಗ್ರಿ ಕಾದರೆ ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದ ನೆಲದ ತೇವವನ್ನು ಅದು ಬೇಗ ಹೀರುತ್ತದೆ. ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. 2009ರಲ್ಲಿ ದೇಶದಾದ್ಯಂತ ಮುಂಗಾರು ಸೋತಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಹಸ್ತಾ ಮಳೆ ಉತ್ತರ ಕರ್ನಾಟಕದ ಮೇಲೆ ಕವುಚಿಬಿದ್ದು ಇನ್ನೂರಕ್ಕಿಂತ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಇಂಥ ಒಂದೊಂದು ಆಪತ್ತನ್ನೂ ಭೂತಾಪದ ತಲೆಗೇ ಕಟ್ಟುವುದು ಶಾಸ್ತ್ರಸಮ್ಮತವಲ್ಲ. ಆದರೆ ಇಂಥವು ಪದೇ ಪದೇ ಬರುವ ಕಾಲಕ್ಕೆ ಕಾಲಿಟ್ಟಿದ್ದೇವೆ ಎಂಬುದರಲ್ಲಿ ಸಂಶಯವಿಲ್ಲ. ಬಿಳಿಜೋಳ ಬಿತ್ತುವ ರೈತನಿಗೆ ಮಳೆ ಎಷ್ಟು ಬಂತೆಂಬುದಕ್ಕಿಂತ ಯಾವ ನಕ್ಷತ್ರದಲ್ಲಿ ಬಂತೆಂಬುದು ಮುಖ್ಯ. ಕೆಡುತ್ತಿರುವುದು ಆ ಪಂಚಾಂಗವೇ.

ಇನ್ನು ಎರಡನೆಯ ಮಾತು. ಶಿವನಿಚ್ಛೆಯೆಂಬುದು ಕಾಯಕವನ್ನು ಮಾಡಿ ಮುಗಿಸಿದವನು ಅದರ ಫಲವನ್ನು ಕುರಿತು ಆಡುವ ಮಾತು. ಮಾಡದೆ ಉಳಿದ ಕಾಯಕಕ್ಕೆ ಅದನ್ನು ನೆಪಮಾಡಿಕೊಂಡ ಶರಣರನ್ನು ನಾನು ಕಂಡಿಲ್ಲ, ಓದಿಯೂ ಇಲ್ಲ. ಚಿತೆಗೂ ಚಿಂತೆಗೂ ಒಂದು ಬಿಂದುವಿನ ಅಂತರವೆಂದು ಹೇಳಿ ಚಿಂತೆಯನ್ನೇ ಹಳಿಯುವವರುಂಟು. ತನ್ನ ಗತಿ ಏನಾದೀತೆಂದು ಇರುಳೆಲ್ಲ ಹೊರಳುವ ಚಿಂತೆಗೆ ಆ ಮಾತು ಒಪ್ಪುತ್ತದೆ. ಆದರೆ ಚಿಂತಾ ಶಬ್ದದ ಧಾತುವಿಗೆ ಸ್ಮರಿಸುವುದು, ಆಲೋಚಿಸುವುದು ಎಂಬುದೇ ಮೂಲಾರ್ಥ. ಯಾರನ್ನು ಸ್ಮರಿಸುವುದು? ಇಲ್ಲಿಯೇ ಪ್ರಶ್ನೆಯ ತಿರುಳಿದೆ.

ನಮಗೆ ದೂರವಲ್ಲದ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪ್ರಸಿದ್ಧರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಇದನ್ನು ನಾವು ನಿರಾಸೆಯ ಪಾಠವೆಂದು ಹೇಳಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಬೇಕು. ಅದು ಚೆಲ್ಲಿದ ಅಕ್ಕಿ. ಯಾರೂ ಲೆಕ್ಕವಿಟ್ಟದ್ದಲ್ಲ, ಯಾರೂ ಬೇಡವೆಂದದ್ದಲ್ಲ. ಹೆಚ್ಚು ಆಯ್ದರೆ ಕೇಳುವವರೇ ಇರಲಿಲ್ಲ. ಕೇಳುವವರಿಲ್ಲದಲ್ಲಿಯೂ ತನ್ನ ಪಾಲು ಎಷ್ಟೆಂದು ಅಳೆದವರು ಆ ತಾಯಿ. ಯಾರದೂ ಅಲ್ಲದ್ದು ಎಲ್ಲರದೂ ಆಗಿರುತ್ತದೆ ಎಂಬುದು ಅವರ ನಡೆಯಿಂದ ನನಗೆ ತಿಳಿದ ಅರ್ಥ.

ಗಾಳಿಯೂ ಅಂಥದ್ದೇ. ಅದಕ್ಕೆ ಬೇಲಿಯಿಲ್ಲ, ಖಾತೆಯಿಲ್ಲ. ಅಮೇರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿದರೆ, ಭಾರತದಲ್ಲಿ ಸುಮಾರು 2 ಟನ್. ಕಾರಿಲ್ಲದ, ತಂಪುಯಂತ್ರವಿಲ್ಲದ ಕುಷ್ಟಗಿಯ ಕೂಲಿಕಾರನ ಪಾಲು ಅದಕ್ಕಿಂತಲೂ ಎಷ್ಟೋ ಕಡಿಮೆ. ಆದರೆ ಮಳೆ ತಪ್ಪಿದಾಗ ಬೀಗ ಬೀಳುವುದು ಅವನ ಮನೆಗೆ. ಮಂಗಳೂರು, ಉಡುಪಿ, ಬೆಂಗಳೂರು, ಗೋವೆಗಳಿಗೆ ಗುಳೆ ಹೋಗುವ ಕುಟುಂಬಗಳನ್ನು ಈ ಭಾಗದಲ್ಲಿ ಕಾಣದವರಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರು ಬರೆಯುವ ಉಪಾಧ್ಯಾಯರಿಗೆ ಭೂತಾಪವು ದೂರದ ವಿಷಯವೆನಿಸದು.

ಹಾಗಾದರೆ ತಪ್ಪೆಲ್ಲ ಹೊರದೇಶದವರದೆಂದು ನಾವು ನಿಶ್ಚಿಂತರಾಗಬಹುದೆ? ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ತನ್ನು ಪಡೆಯಲಾಗುತ್ತಿದೆ. ಗಿಣಿಗೇರಿಯ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳ ಹೊಗೆ ನಮ್ಮ ಜಿಲ್ಲೆಯದೇ. ಅವುಗಳ ವಿದ್ಯುತ್ತೂ ಕಬ್ಬಿಣವೂ ನಮ್ಮ ಮನೆಗಳಲ್ಲಿವೆ. ಬಡವನಿಗೆ ದೀಪ ಬೇಡವೆನ್ನುವುದು ಅಧರ್ಮ. ಆದರೆ ಮದುವೆಯ ಮಂಟಪದಲ್ಲಿ ಹಗಲಿನಲ್ಲಿಯೇ ನೂರಾರು ದೀಪ ಉರಿಸಿ, ಅರ್ಧ ಉಂಡ ಎಲೆಗಳನ್ನು ತಿಪ್ಪೆಗೆ ಎಸೆದು, ಪ್ರಸಾದದ ಮಹಿಮೆಯನ್ನು ಹಾಡುವುದು ಯಾವ ಧರ್ಮ? ಇದು ಸಣ್ಣ ಮಾತೆಂದು ಕೆಲವರಿಗೆ ತೋರೀತು. ಆಯ್ದ ಅಕ್ಕಿಯೂ ಸಣ್ಣದೇ ಇತ್ತು.

2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಹೂಳು, ಮುಳ್ಳುಕಂಟಿಗಳು ತುಂಬಿದ್ದ ಹಿರೇಹಳ್ಳಕ್ಕೆ ತಾವೇ ಇಳಿದು, ಜನರನ್ನು ಕೂಡಿಸಿ, 26 ಕಿಲೋಮೀಟರಿನಷ್ಟು ಪಾತ್ರವನ್ನು ಸ್ವಚ್ಛಗೊಳಿಸುವ ಕಾರ್ಯ ನಡೆಸಿದರು. ಅದರಿಂದ ಭೂಮಿ ತಣ್ಣಗಾಯಿತೆ ಎಂದು ಒಬ್ಬರು ಕೇಳಿದರು. ಆಗಲಿಲ್ಲ. ಅಮೇರಿಕದ ಹೊಗೆಯನ್ನು ಹಿರೇಹಳ್ಳ ತೊಳೆಯಲಾರದು. ಅದಕ್ಕೆ ಸರಕಾರಗಳು 2015ರಲ್ಲಿ ಪ್ಯಾರಿಸ್ ನಗರದಲ್ಲಿ ಕೊಟ್ಟ ಮಾತನ್ನು ನಡೆಸಬೇಕು, ನಡೆಸದಿದ್ದರೆ ಮತ ಕೇಳಲು ಬಂದವರನ್ನು ನಾವು ಕೇಳಬೇಕು. ಆದರೆ ಒಮ್ಮೆಲೇ ಸುರಿಯುವ ಹಸ್ತಾ ಮಳೆಗೆ ನಿಲ್ಲಲು ಎಡೆ ಬೇಕಷ್ಟೆ. ಕಬ್ಬರಗಿಯ ಕಪಿಲತೀರ್ಥದಲ್ಲಿ ಮಳೆಗಾಲಕ್ಕೆ ಧುಮುಕುವ ನೀರನ್ನು ನೋಡಿ ನಾವು ಸಂತೋಷಪಡುತ್ತೇವೆ. ನಾಲ್ಕು ತಿಂಗಳ ಮೇಲೆ ಕೊಡ ಹಿಡಿದು ನಿಲ್ಲುತ್ತೇವೆ. ಗುಡ್ಡದಿಂದ ಇಳಿಯುವ ಹಳ್ಳಗಳಿಗೆ ಒಡ್ಡು ಹಾಕಿ, ಕೆರೆಯ ಹೂಳನ್ನು ಬೇಸಿಗೆಯಲ್ಲಿಯೇ ಎತ್ತಿ ಹೊಲಗಳಿಗೆ ಹರಡಿದರೆ ಕೆರೆಗೆ ಆಳವೂ ಹೊಲಕ್ಕೆ ಸತ್ತ್ವವೂ ಬರುತ್ತವೆ, ಮತ್ತು ಗುಳೆ ಹೊರಟ ಕೆಲವರಿಗಾದರೂ ಆ ನಾಲ್ಕು ತಿಂಗಳು ಊರಿನಲ್ಲಿಯೇ ಕೂಲಿ ಸಿಗುತ್ತದೆ.